ಮೂಗುದನಿಯ ಮಗುವಿಗೆ ಬಾಯೊಳಗೊಂದು ಪ್ಲೇಟು

ಸೋದರಿಯೊಬ್ಬರು ಎರಡು ಪುಟ ತುಂಬ ಬರೆದಿದ್ದಾರೆ. ಒಂಬತ್ತು ವರ್ಷದ ಮಗಳು. ಹುಟ್ಟುವಾಗಲೇ ಅಂಗಳ ಸೀಳಿತ್ತು. ಒಂದೂವರೆ ವರ್ಷಕ್ಕೆ ಆಪರೇಷನ್ ಆಯಿತು. ಊಟ ತಿಂಡಿ ಎಲ್ಲಾ ಸರಿ, ಮಾತು ಮಾತ್ರ ಇಂದಿಗೂ ಮೂಗಿನಲ್ಲೇ. ಶಾಲೆಯಲ್ಲಿ ಅಣಕಿಸುತ್ತಾರೆಂದು ಹುಡುಗಿ ಬಾಯೇ ಬಿಡುವುದಿಲ್ಲವಂತೆ. ಈಗ ವೈದ್ಯರು ಬಾಯಿಗೆ ಒಂದು ಪ್ಲೇಟು ಹಾಕಿಸೋಣ ಎಂದಿದ್ದಾರೆ. ಅತ್ತೆಯವರು ಮಾತ್ರ "ಮುದುಕರ ಹಲ್ಲಿನ ಸೆಟ್ಟು ಮಗೂಗ್ಯಾಕೆ? ಗ್ರಹಣದಲ್ಲಿ ಹೊರಗೆ ಬಂದೆಯಲ್ಲ, ಅನುಭವಿಸು" ಅಂದರಂತೆ.

ಗ್ರಹಣದ ಮಾತು ಮೊದಲು ಮುಗಿಸಿಬಿಡೋಣ. ಗರ್ಭದ ಮೊದಲ ಮೂರು ತಿಂಗಳಲ್ಲಿ ಎರಡೂ ಪಕ್ಕದಿಂದ ಬೆಳೆದು ಕೂಡಬೇಕಾದ ಅಂಗಳ ಕೂಡದೆ ಉಳಿದರೆ ಸೀಳಾಗುತ್ತದೆ. ಸೂರ್ಯಚಂದ್ರರಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ತಪ್ಪೇನೂ ಇಲ್ಲ ತಾಯೀ.

ಈಗ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು 'ಆ' ಅನ್ನಿ. ಕಿರುನಾಲಿಗೆ ನೇತಾಡುವ ಹಿಂದಿನ ಮೆತ್ತನೆಯ ಅಂಗಳ ಮೇಲಕ್ಕೇಳುತ್ತದೆ ಅಲ್ಲವೇ? ಅದು ಗಂಟಲಿನ ಹಿಂಗೋಡೆಗೆ ತಾಗಿ ಮೂಗಿನ ದಾರಿ ಮುಚ್ಚುತ್ತದೆ. ಮ, ನ, ಣ ಅನ್ನುವಾಗ ಮಾತ್ರ ಬಾಗಿಲು ತೆರೆದಿರಬೇಕು. ಹೊಲಿದ ಅಂಗಳ ಗಿಡ್ಡವಾಗಿ ಗೋಡೆಗೆ ತಾಗದಿದ್ದರೆ ಉಸಿರು ಮೂಗಿಗೇ ನುಗ್ಗುತ್ತದೆ. ಬಾಳೆ 'ಮಾಳೆ'ಯಂತೆ, ದಾರ 'ನಾರ'ದಂತೆ ಕೇಳಿಸುತ್ತದೆ. ಮೂಗಿನ ಕೆಳಗೆ ತಣ್ಣನೆಯ ಕನ್ನಡಿ ಹಿಡಿದು 'ಪಪ್ಪ' ಅನ್ನಿಸಿ. ಮಂಜು ಕಟ್ಟಿದರೆ ಗಾಳಿ ಸೋರುತ್ತಿದೆ ಎಂದರ್ಥ. ನೆಗಡಿಯಲ್ಲಿ ಇದಕ್ಕೆ ತದ್ವಿರುದ್ಧ, ಅಲ್ಲಿ ಮೂಗು ಕಟ್ಟಿರುತ್ತದೆ. ಆದ್ದರಿಂದ ಮೂಗಿಗೆ ಹನಿ ಹಾಕಿ ಪ್ರಯೋಜನವಿಲ್ಲ. ಬಜೆ ತೇಯ್ದು ನೆಕ್ಕಿಸಿದರೂ ಅಂಗಳ ಉದ್ದವಾಗದು.

ಇಂಥಲ್ಲಿ ಸಾಧಾರಣವಾಗಿ ಇನ್ನೊಂದು ಆಪರೇಷನ್ ಯೋಚಿಸುತ್ತಾರೆ. ಅದು ಬೇಡವೆಂದೋ ಈಗಲೇ ಆಗದೆಂದೋ ಕಂಡಾಗ ಪ್ಲೇಟು. ಬಾಯಿಯ ಅಚ್ಚು ತೆಗೆದು ಮೇಲಂಗಳಕ್ಕೆ ಹೊಂದುವ ತೆಳು ತಟ್ಟೆ ಮಾಡಿ, ತಂತಿಯ ಕೊಂಡಿಯಿಂದ ಹಲ್ಲುಗಳಿಗೆ ಸಿಕ್ಕಿಸುತ್ತಾರೆ. ಅದರ ಹಿಂದೆ ಒಂದು ಬಾಲ, ಬಾಲದ ತುದಿಗೆ ಗುಂಡು. ಮಾತಾಡುವಾಗ ಗಂಟಲಿನ ಪಕ್ಕದ ಗೋಡೆಗಳು ಆ ಗುಂಡನ್ನು ಅವಚಿಕೊಂಡು ಸಂದು ಮುಚ್ಚುತ್ತವೆ. ಸುಮ್ಮನಿದ್ದಾಗ ಮೂಗಿನಿಂದ ಉಸಿರಾಡಲು ಜಾಗವಿರುತ್ತದೆ. ಅಂಗಳದ ಉದ್ದ ಸಾಕಷ್ಟಿದ್ದೂ ಲಕ್ವದಿಂದಲೋ ತಲೆಗೆ ಪೆಟ್ಟುಬಿದ್ದೋ ಅದು ಏಳದಿದ್ದರೆ ಗುಂಡು ಬೇಡ, ಅಂಗಳವನ್ನು ಮೇಲಕ್ಕೆತ್ತಿ ಹಿಡಿಯುವ ಬೇರೆ ನಮೂನೆ ಸಾಕು.

ಒಂದೇ ದಿನಕ್ಕೆ ಆಗುವ ಕೆಲಸವಲ್ಲ. ಮೊದಲು ಬರೀ ತಟ್ಟೆ, ಅಭ್ಯಾಸವಾದ ಮೇಲೆ ಬಾಲ, ಆಮೇಲೆ ಗುಂಡನ್ನು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತಾರೆ. ಮೊದಮೊದಲು ಜೊಲ್ಲು, ಓಕರಿಕೆ ಇದ್ದದ್ದೇ. ಮಲಗುವಾಗ ತೆಗೆದು ತೊಳೆದಿಡಬೇಕು. ಹಾಲುಹಲ್ಲು ಬೀಳುವ, ದವಡೆ ಬೆಳೆಯುವ ವಯಸ್ಸು ನೋಡಿ, ಆಗಾಗ ಬದಲಾಯಿಸಬೇಕಾಗುತ್ತದೆ. ಹಲ್ಲು ಹುಳುಕಾದರೆ ಕೊಂಡಿಗೆ ಆಧಾರವೇ ಹೋಯಿತು. ಚಾಕೊಲೇಟಿನ ಆಸೆ ತೋರಿಸಿ ಪ್ಲೇಟು ಹಾಕಿಸಬೇಡಿ!

ಪ್ಲೇಟು ಹಾಕಿದೊಡನೆ ಮಾತು ತಾನಾಗಿ ತಿದ್ದುವುದಿಲ್ಲ, ಇದನ್ನು ಮನೆಯವರಿಗೆಲ್ಲ ಮೊದಲೇ ಹೇಳಿಡಿ. ಗಾಳಿ ಸೋರುವ ಬಾಯಲ್ಲಿ ಪ, ಟ, ಕ ಹುಟ್ಟದೆ ಮಗು ಅವನ್ನು ಗಂಟಲಲ್ಲೇ ತಡೆದು ನುಡಿಯಲು ಕಲಿತಿರುತ್ತದೆ. ಆ ಅಭ್ಯಾಸ ಬಿಡಿಸುವವರು ವಾಕ್ ಚಿಕಿತ್ಸಕರು. ಅವರು ಹೇಳಿಕೊಟ್ಟಿದ್ದನ್ನು ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ ನೀವು ಮಾಡಿಸಬೇಕು. ಬಾಯಿಯ ಮುಂದೆ ಕಾಗದದ ಚೂರು ಹಿಡಿದು 'ಪಾ' ಅನ್ನಿಸಿ, ಕಾಗದ ಅಲುಗಬೇಕು. ಆಮೇಲೆ 'ಪಾಪು', ಆಮೇಲೆ 'ಅಪ್ಪ ತಟ್ಟೆ ತಾ'. ಮ, ನ ಇಲ್ಲದ ಮಾತನ್ನೇ ಮೊದಲು ಆರಿಸಿಕೊಳ್ಳಿ. ಬಲೂನು, ಪೀಪಿ ಊದಿಸುವುದು ಹಿಂದೆ ಬಹಳ ರೂಢಿಯಲ್ಲಿತ್ತು. ಊದುವುದು ಬಂತೇ ಹೊರತು ಮಾತು ಸರಿಹೋಗಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತುಟಿ, ಅಂಗಳ ಸೀಳಿದವರಿಗೆಂದೇ ಪ್ರತ್ಯೇಕ ವಿಭಾಗವಿದೆ. ಹೋಗುವಾಗ ಹಳೆಯ ಆಪರೇಷನ್ನಿನ ಕಾಗದಗಳನ್ನು ಮರೆಯದೆ ಒಯ್ಯಿರಿ.

ಇನ್ನೊಂದು ಮಾತು. ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆ ತೆಗೆಸಬೇಕೆಂದು ಯಾರಾದರೂ ಹೇಳಿದರೆ, ಅಂಗಳ ಸೀಳಿದ್ದ ಸಂಗತಿ ಮೊದಲೇ ತಿಳಿಸಿ. ಕೆಲವು ಮಕ್ಕಳಲ್ಲಿ ಆ ಗಡ್ಡೆಯೇ ಸಂದನ್ನು ಅಷ್ಟಿಷ್ಟು ಮುಚ್ಚಿರುತ್ತದೆ; ತೆಗೆದರೆ ಮೂಗುದನಿ ಹೆಚ್ಚಾದೀತು.