ಎಂಜಿನ್ ಎಣ್ಣೆ ಕುಡಿಯತೊಡಗಿದರೆ...

ಭತ್ತದ ಸಂಶೋಧನೆಗೆ ಹೆಸರಾದ ಧಾರವಾಡ ತಾಲೂಕಿನ ಮುಗದದಲ್ಲಿ ಗದ್ದೆ ಉಳುವ ಟ್ರ್ಯಾಕ್ಟರು ನೀಲಿ ಹೊಗೆ ಬಿಟ್ಟರೆ, "ಎಂಜಿನ್ ಆಯಿಲ್ ಕುಡ್ಯಾಕ ಹತ್ತೇತಿ" ಎಂದು ಹಿರಿಯರು ಕೂಡಲೇ ಹೇಳಿಬಿಡುತ್ತಾರೆ. ಇದೇ ಕಾಯಿಲೆ ಸಣ್ಣ ವಿಮಾನಗಳಿಗೂ ಬರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಾಗಲಿ, ಬೆಳಗಾವಿಯ ಸಾಂಬ್ರಾದಲ್ಲಾಗಲಿ ವಿಮಾನ ನಡೆಸಲು ಕಲಿಯುವವರು ಮೊದಲು ಹತ್ತುವುದು ಜೆಟ್ ವಿಮಾನವನ್ನಲ್ಲ, ಪಿಸ್ಟನ್ ಎಂಜಿನ್ನಿನ ಪುಟ್ಟ ವಿಮಾನವನ್ನು. ಟ್ರ್ಯಾಕ್ಟರನ್ನು ಬದುವಿನ ಪಕ್ಕ ನಿಲ್ಲಿಸಿ ನೋಡಬಹುದು. ಆಕಾಶದಲ್ಲಿ ಆ ಅನುಕೂಲವಿಲ್ಲ.

ಎಣ್ಣೆ ಸ್ವಲ್ಪ ಕಡಿಮೆಯಾಗುವುದು ರೋಗವೇನಲ್ಲ. ಸಿಲಿಂಡರಿನ ಗೋಡೆಗೆ ಅಂಟಿದ ತೆಳು ಪದರವೊಂದು ಪ್ರತಿ ಹೊಡೆತದಲ್ಲೂ ಅಷ್ಟಿಷ್ಟು ಸುಡುತ್ತದೆ. ವಿಮಾನದ ಎಂಜಿನ್ ಗಾಳಿಯಿಂದ ತಂಪಾಗುವಂಥದು. ಕಾದಾಗ ಲೋಹ ಹಿಗ್ಗಲೆಂದು ಭಾಗಗಳ ನಡುವೆ ಹೆಚ್ಚು ಸಂದು ಬಿಟ್ಟಿರುತ್ತಾರೆ. ಹೀಗಾಗಿ ಅದು ಕಾರಿಗಿಂತ ಹೆಚ್ಚು ಎಣ್ಣೆ ಕುಡಿಯುತ್ತದೆ.

ಎಷ್ಟು ಕುಡಿದರೆ ಹೆಚ್ಚು? ಲೈಕಮಿಂಗ್ ಕಂಪನಿ ತನ್ನ ಎಂಜಿನ್ನುಗಳಿಗೆ ಒಂದು ಲೆಕ್ಕ ಕೊಟ್ಟಿದೆ. ಅಶ್ವಶಕ್ತಿಯನ್ನು 0.006ರಿಂದಲೂ 4ರಿಂದಲೂ ಗುಣಿಸಿ, 7.4ರಿಂದ ಭಾಗಿಸಬೇಕು. ಸೆಸ್ನಾ 172ಎಸ್ ವಿಮಾನದ 180 ಅಶ್ವಶಕ್ತಿಯ ಎಂಜಿನ್ನಿಗೆ ಉತ್ತರ ಗಂಟೆಗೆ 0.58 ಕ್ವಾರ್ಟ್, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಆ ಎಂಜಿನ್ ಹಿಡಿಯುವುದು 8 ಕ್ವಾರ್ಟ್. 5ಕ್ಕಿಂತ ಕಡಿಮೆ ಇದ್ದರೆ ಚಾಲೂ ಮಾಡುವಂತಿಲ್ಲ.

ಆದರೆ ಈ ಸಂಖ್ಯೆಯೊಂದನ್ನೇ ನಂಬಿ ಕೂರುವಂತಿಲ್ಲ. ಹತ್ತು ಗಂಟೆಗೆ ಒಂದು ಕ್ವಾರ್ಟ್ ಕುಡಿಯುತ್ತಿದ್ದ ಎಂಜಿನ್ ಈಗ ನಾಲ್ಕು ಗಂಟೆಗೇ ಒಂದು ಕ್ವಾರ್ಟ್ ಕೇಳಿದರೆ ಅದು ಮಿತಿಯೊಳಗೇ ಇದೆ. ಆದರೂ ಎಂಜಿನ್ ಕ್ಷೇಮವಾಗಿಲ್ಲ ಎಂದು ತಿಳಿಯಬೇಕು. ಒಂದು ದಿನದ ಅಳತೆಗಿಂತ ಹಲವು ದಿನಗಳ ಏರಿಳಿತವೇ ಮುಖ್ಯ.

ಹಾಗಾದರೆ ಎಣ್ಣೆ ಹೋಯಿತೆಲ್ಲಿಗೆ? ದಾರಿಗಳು ಮೂರೇ. ಉಸಿರು ಕೊಳವೆಯಿಂದ ಹೊರಹೋಗಬೇಕು, ಸೋರಬೇಕು, ಇಲ್ಲವೆ ಒಳಗೆ ಸುಡಬೇಕು. ಸುಲಭವಾದುದನ್ನು ಮೊದಲು ನೋಡುವುದು ಜಾಣತನ.

ಮೊದಲನೆಯದು ಉಸಿರು ಕೊಳವೆ. ಎಣ್ಣೆಯನ್ನು ಕಂಠಮಟ್ಟ ತುಂಬಿದರೆ ಮೇಲಿನ ಒಂದು ಕ್ವಾರ್ಟನ್ನು ಎಂಜಿನ್ ಈ ಕೊಳವೆಯಿಂದ ಉಗುಳುವುದುಂಟು. ಸ್ವಲ್ಪ ಕಡಿಮೆ ತುಂಬಿ ನೋಡಿದಾಗ ಮಟ್ಟ ನಿಂತರೆ ಕಾಯಿಲೆ ಅಲ್ಲಿಗೆ ಮುಗಿಯಿತು. ಎರಡನೆಯದು ಸೋರಿಕೆ. ಎಂಜಿನ್ ತೊಳೆದು, ಸ್ವಲ್ಪ ಹೊತ್ತು ಓಡಿಸಿದರೆ ಹೊಸ ಜಿಡ್ಡು ಎಲ್ಲಿಂದ ಹೊರಟಿತೆಂದು ಕಾಣುತ್ತದೆ.

ಎರಡೂ ಸರಿಯಿದ್ದರೆ ಸಿಲಿಂಡರಿನತ್ತ ತಿರುಗಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಜಿಡ್ಡಾಗಿರುವುದು ಯಾವುದೆಂದು ನೋಡಿದರೆ ಅಪರಾಧಿ ಸಿಲಿಂಡರು ಸಿಕ್ಕಂತೆ. ಬಳಿಕ ಅದರೊಳಗೆ ಚದರ ಅಂಗುಲಕ್ಕೆ 80 ಪೌಂಡ್ ಒತ್ತಡದ ಗಾಳಿ ಬಿಟ್ಟು ಕಿವಿಗೊಡುತ್ತಾರೆ. ಎಣ್ಣೆ ತುಂಬುವ ಬಾಯಲ್ಲಿ ಸುಯ್ ಎಂದರೆ ಪಿಸ್ಟನ್ ರಿಂಗ್ ಸವೆದಿದೆ. ಹೊಗೆ ಕೊಳವೆಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್ ಕೂರುತ್ತಿಲ್ಲ. ಒಂದು ಎಚ್ಚರಿಕೆ: ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಿಲಿಂಡರೂ ಎಣ್ಣೆ ಸುಡಬಹುದು. ಗಾಳಿ ತಡೆಯುವ ರಿಂಗೇ ಬೇರೆ, ಎಣ್ಣೆ ಕೆರೆಯುವ ರಿಂಗೇ ಬೇರೆ.

ಹೊಗೆಯೊಂದನ್ನೇ ನೋಡಿ ತೀರ್ಪು ಕೊಡುವುದೂ ಸರಿಯಲ್ಲ. ಬೆಂಗಳೂರಿನ ಎಚ್.ಎ.ಎಲ್. 1951ರಲ್ಲಿ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನದಲ್ಲಿ ಸಿಲಿಂಡರುಗಳು ತಲೆಕೆಳಗಾಗಿದ್ದವು. ಅಂಥ ಎಂಜಿನ್ ನಿಂತಿದ್ದಾಗ ಎಣ್ಣೆ ಸಿಲಿಂಡರಿಗೆ ಇಳಿದು, ಚಾಲೂ ಮಾಡಿದೊಡನೆ ಹೊಗೆ ಬರುವುದು ಸಹಜ.

ರಿಂಗ್ ಕೆಡುವುದೇಕೆ? ಹೊಸ ಸಿಲಿಂಡರಿಗೆ ಮೊದಲ ಗಂಟೆಗಳಲ್ಲಿ ಸಾಕಷ್ಟು ಭಾರ ಕೊಡದೆ ಮೆಲ್ಲಗೆ ಓಡಿಸಿದರೆ, ಗೋಡೆಯ ಮೇಲೆ ಎಣ್ಣೆ ಸುಟ್ಟು ಗಾಜಿನಂಥ ನುಣುಪು ಕಟ್ಟುತ್ತದೆ. ಆಮೇಲೆ ರಿಂಗ್ ಕೂರುವುದೇ ಇಲ್ಲ. ಹಾರದೆ ನಿಲ್ಲುವುದು ಇನ್ನೊಂದು ಕಾರಣ. ನಮ್ಮ ಮಳೆಗಾಲದಲ್ಲಿ ವಾರಗಟ್ಟಲೆ ನಿಂತರೆ ಒಳಗೋಡೆಗೆ ತುಕ್ಕು ಹಿಡಿಯುತ್ತದೆ. ನೆಲದಲ್ಲೇ ಐದು ನಿಮಿಷ ಓಡಿಸಿ ನಿಲ್ಲಿಸಿದರೆ ತೇವ ಹೋಗುವಷ್ಟು ಎಣ್ಣೆ ಕಾಯದು. ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಬಳಕೆ ಒಮ್ಮೆಲೇ ಏರಿದರೆ, ಅಥವಾ ಎಣ್ಣೆಯ ಫಿಲ್ಟರ್ ಕತ್ತರಿಸಿದಾಗ ಲೋಹದ ಚೂರು ಕಂಡರೆ, ಕಾರಣ ತಿಳಿಯುವವರೆಗೆ ಹಾರಲೇಬಾರದು. ಎಣ್ಣೆ ಮುಗಿದ ಎಂಜಿನ್ ನಿಮಿಷಗಳಲ್ಲಿ ಬಿಗಿದು ನಿಲ್ಲುತ್ತದೆ.

ಮಕ್ಕಳನ್ನು ವಿಮಾನ ತರಬೇತಿಗೆ ಕಳಿಸುವ ಪಾಲಕರು ಶುಲ್ಕ ವಿಚಾರಿಸುವಾಗ, ಪ್ರತಿ ಹಾರಾಟಕ್ಕೆ ಹಾಕಿದ ಎಣ್ಣೆಯ ದಾಖಲೆ ಇಡುತ್ತಾರೆಯೇ ಎಂದೂ ಕೇಳಲಿ. ವಿದ್ಯಾರ್ಥಿಗಳು ಮನೆಯ ಮೋಟಾರ್ ಸೈಕಲ್ಲಿನಿಂದಲೇ ಅಭ್ಯಾಸ ಶುರುಮಾಡಬಹುದು. ಸಮನೆಲದಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಎಣ್ಣೆಯ ಮಟ್ಟ ನೋಡಿ, ತಾರೀಖು ಮತ್ತು ಓಡಿದ ಕಿಲೋಮೀಟರಿನೊಂದಿಗೆ ಬರೆದಿಡಿ. ಮೂರು ತಿಂಗಳಾದ ಮೇಲೆ ಆ ಪುಟವನ್ನು ಓದಿದರೆ ಎಂಜಿನ್ನಿನ ಆರೋಗ್ಯ ನಿಮಗೇ ತಿಳಿಯುತ್ತದೆ.