ಇಪ್ಪತ್ತಾರನೇ ಶ್ರೀನಿವಾಸ

ಪುಣೆಯ ನಮ್ಮ ಕನ್ನಡ ಬಳಗದಲ್ಲಿ ರಕ್ತದಾನಿಗಳ ಪಟ್ಟಿಯೊಂದಿದೆ. ಡೇಟಾಬೇಸಿನಲ್ಲಿ ಒಬ್ಬರಿಗೆ ಒಂದು ಸಾಲು: ಹೆಸರು, ಫೋನ್ ನಂಬರು, ರಕ್ತದ ಗುಂಪು, ಹಿಂದೆ ರಕ್ತ ಕೊಟ್ಟ ತಾರೀಕು. ವಾಟ್ಸಾಪಿಗೆ ಹಾಕುವಾಗ ಮಾತ್ರ ಗುಂಪಿಗೊಂದೇ ಸಾಲು ಬೇಕು. ಓ ಪಾಸಿಟಿವ್‌ನವರೆಲ್ಲ ನಡುನಡುವೆ ಕಾಮಾ ಇಟ್ಟುಕೊಂಡು, ಹೂವು ಪೋಣಿಸಿದ ಹಾಗೆ, ಒಂದೇ ಸರದಲ್ಲಿ ಬರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಗ್ರೂಪ್ ಕಾನ್‌ಕ್ಯಾಟ್ ಎಂಬ ಫಂಕ್ಷನ್ ಇದೆ. ಪುಟ್ಟ ಕ್ವೆರಿ, ಕ್ಷಣದಲ್ಲಿ ಸರ ಸಿದ್ಧ.

ಹೋದ ತಿಂಗಳು ನೋಡಿದರೆ, ಓ ಪಾಸಿಟಿವ್ ಸರದ ಕೊನೆಯ ಹೆಸರಿನ ಮುಂದೆ ನಾಲ್ಕೇ ಅಂಕಿ! ಪಟ್ಟಿ ಹಂಚುತ್ತಿದ್ದವರು ಟೈಪಿಂಗ್ ತಪ್ಪಿರಬೇಕೆಂದು ಸುಮ್ಮನಿದ್ದರು. ಅಸಲಿ ಕಾರಣ ಬೇರೆ. ಈ ಫಂಕ್ಷನ್ ಡಿಫಾಲ್ಟಾಗಿ 1024 ಬೈಟ್ ತನಕ ಮಾತ್ರ ಪೋಣಿಸುತ್ತದೆ, ಮಿಕ್ಕದ್ದನ್ನು ಕತ್ತರಿಸಿ ಹಾಕುತ್ತದೆ. ವಾರ್ನಿಂಗ್ ಕೊಡುತ್ತದೆ, ನಿಜ. ಆದರೆ ಉತ್ತರ ಕಣ್ಣೆದುರು ಬಂದ ಮೇಲೆ ವಾರ್ನಿಂಗ್ ಓದುವವರು ಯಾರು ಹೇಳಿ?

ಕನ್ನಡದಲ್ಲಿ ಹೆಸರು ಬರೆಸಿದವರಿಗೆ ಪೆಟ್ಟು ಜಾಸ್ತಿ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್. ಕನ್ನಡದ ಅಕ್ಷರಕ್ಕೂ, ಗುಣಿತದ ಚಿಹ್ನೆಗೂ, ಒತ್ತು ಕೂಡಿಸುವ ಹಲಂತಕ್ಕೂ ತಲಾ ಮೂರು. ‘ಶ್ರೀ’ ಒಂದಕ್ಕೇ 12 ಬೈಟ್. ಲೆಕ್ಕಕ್ಕೆ ದಾನಿಗಳೆಲ್ಲ ಶ್ರೀನಿವಾಸರೇ ಎಂದಿಟ್ಟುಕೊಳ್ಳಿ (ನಮ್ಮ ಬಳಗದಲ್ಲಿ ಅದು ತೀರಾ ಉತ್ಪ್ರೇಕ್ಷೆಯೂ ಆಗದು). ಹೆಸರಿಗೆ 27 ಬೈಟ್, ಖಾಲಿ ಜಾಗಕ್ಕೆ ಒಂದು, ನಂಬರಿಗೆ ಹತ್ತು, ಕಾಮಾ ಮತ್ತು ಅದರ ಮುಂದಿನ ಖಾಲಿ ಜಾಗಕ್ಕೆ ಎರಡು. ಒಬ್ಬರಿಗೆ ಒಟ್ಟು 40. ಹೀಗೆ 25 ಜನ ಪೂರ್ತಿ ಬರುತ್ತಾರೆ. 26ನೆಯವರು ‘ಶ್ರೀನಿವಾ’ ಎಂದು ನಿಂತುಬಿಡುತ್ತಾರೆ, ನಂಬರೇ ಇಲ್ಲ. ಅವರ ಹಿಂದಿರುವವರ ಸುಳಿವೂ ಇಲ್ಲ. ಅದೇ ಹೆಸರು ಇಂಗ್ಲಿಷಿನ ಒಂಬತ್ತು ಅಕ್ಷರಗಳಲ್ಲಿದ್ದರೆ 46 ಜನ ಹಿಡಿಸುತ್ತಿದ್ದರು. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಒಂದೊಂದೇ ನಂಬರು ಒತ್ತುತ್ತಿರುವವರಿಗೆ 21 ನಂಬರು ಕಡಿಮೆ.

ಹಾಗಾದರೆ ಹೆಸರುಗಳನ್ನೆಲ್ಲ ಇಂಗ್ಲಿಷಿಗೆ ಬದಲಾಯಿಸೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಆಗಲೂ 47ನೆಯವರ ಗತಿ ಇದೇ. ಕ್ವೆರಿಗೆ ಮೊದಲು ಗ್ರೂಪ್ ಕಾನ್‌ಕ್ಯಾಟ್ ಮ್ಯಾಕ್ಸ್ ಲೆನ್ ಎಂಬ ಸೆಟ್ಟಿಂಗನ್ನು ಹತ್ತು ಲಕ್ಷಕ್ಕೆ ಏರಿಸಿದರೆ ಸಾಕು. ಪೋಸ್ಟ್‌ಗ್ರೆಸ್‌ನ ಸ್ಟ್ರಿಂಗ್ ಆಗ್‌ಗೆ ಇಷ್ಟು ಚಿಕ್ಕ ಮಿತಿಯೇ ಇಲ್ಲ. ಒರಾಕಲ್‌ನ ಲಿಸ್ಟ್‌ಆಗ್ ಮಿತಿ ಮೀರಿದರೆ ಎರರ್ ಕೊಟ್ಟು ನಿಂತುಬಿಡುತ್ತದೆ. ಬೈದುಕೊಂಡರೂ ಸರಿ, ನನಗೆ ಆ ಗಲಾಟೆಯೇ ಇಷ್ಟ.

ನೀವೂ ಇಂಥ ಪಟ್ಟಿ ಇಟ್ಟುಕೊಂಡಿದ್ದರೆ ಸರದ ಪಕ್ಕದಲ್ಲೇ ಕೌಂಟ್ ಹಾಕಿ ಎಷ್ಟು ಜನ ಎಂದು ತೋರಿಸಿ, ಎಣಿಸಿ ತಾಳೆ ನೋಡಬಹುದು. ‘ರಾವ್, ಕೆ.’ ಎಂದು ಬರೆಸಿದವರಿದ್ದರೆ ಕಾಮಾ ಬಿಟ್ಟು ಉದ್ದಗೀಟು ಬಳಸಿ, ಇಲ್ಲವಾದರೆ ಒಬ್ಬರು ಇಬ್ಬರಾಗುತ್ತಾರೆ. ಫಂಕ್ಷನ್ ಒಳಗೇ ಆರ್ಡರ್ ಬೈ ಕೊಡುವುದನ್ನು ಮರೆಯಬೇಡಿ. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಮತ್ತೆ ರಕ್ತ ಕೊಡಬಹುದು. ಕೊಟ್ಟು ಬಹಳ ದಿನವಾದವರ ನಂಬರು ಸರದ ಮೊದಲಿಗೇ ಬರಲಿ.