ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಓದಿದ ನಾಲ್ಕು ಪುಸ್ತಕಗಳು

ತೆರಿಗೆ, ಬ್ಯಾಂಕ್ ಸಾಲ, ಮಾರುಕಟ್ಟೆಯ ಧಾರಣೆ ಮುಂತಾದ ವಿಷಯಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಕಥೆ ಕಾದಂಬರಿಗಳಿಗೆ ಏನು ಕೆಲಸ ಎಂದು ಸದಸ್ಯ ಬಾಂಧವರು ಕೇಳಬಹುದು. ನಾನು ವಿಮರ್ಶಕನಲ್ಲ, ಸಾಹಿತ್ಯವನ್ನು ಕ್ರಮವಾಗಿ ಅಭ್ಯಾಸ ಮಾಡಿದವನೂ ಅಲ್ಲ. ಹಳೇಬೀಡಿಗೆ ಹೊಂದಿಕೊಂಡ ಬಸ್ತಿಹಳ್ಳಿಯಲ್ಲಿ ದಿನಸಿ ಅಂಗಡಿ ನಡೆಸುತ್ತ, ಸುತ್ತಲಿನ ರೈತರಿಂದ ಕೊಬ್ಬರಿ ಕೊಂಡು ಅರಸೀಕೆರೆ, ತಿಪಟೂರಿನ ಮಾರುಕಟ್ಟೆಗಳಿಗೆ ಕಳುಹಿಸುವ ಸಣ್ಣ ವ್ಯಾಪಾರಿ. ಮಧ್ಯಾಹ್ನ ಗಿರಾಕಿಗಳು ವಿರಳವಾಗಿರುವ ಎರಡು ಗಂಟೆ ನನ್ನ ಓದಿನ ಹೊತ್ತು. ಕಳೆದ ಒಂದು ವರ್ಷದಲ್ಲಿ ಹೀಗೆ ಓದಿದ ನಾಲ್ಕು ಪುಸ್ತಕಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಈ ಲೇಖನದ ಉದ್ದೇಶ.

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ನಾವು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಸದ್ದು ಮಾಡಿದರೆ ಮಾತ್ರ ಸುಲಿಯಲು ಯೋಗ್ಯ. ಹೊರಗಿನ ಸಿಪ್ಪೆ ನೋಡಿ ಬೆಲೆ ಕಟ್ಟುವವನು ಒಂದೇ ಹಂಗಾಮಿನಲ್ಲಿ ದಿವಾಳಿಯಾಗುತ್ತಾನೆ. ಪುಸ್ತಕಗಳನ್ನೂ ಪ್ರಶಸ್ತಿಯ ಹೆಸರು ನೋಡದೆ ಹೀಗೆಯೇ ಪರೀಕ್ಷಿಸಲು ಯತ್ನಿಸಿದ್ದೇನೆ.

ಮೊದಲನೆಯದು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಆತ್ಮಕಥೆ ‘ಸಿಂಪ್ಲಿ ಫ್ಲೈ’. ಅವರು ನಮ್ಮ ಹಾಸನ ಜಿಲ್ಲೆಯ ಗೊರೂರಿನವರು. ಹೇಮಾವತಿ ಅಣೆಕಟ್ಟಿನಿಂದ ಕುಟುಂಬದ ಭೂಮಿ ಮುಳುಗಡೆಯಾದಾಗ ಪರಿಹಾರವಾಗಿ ದೊರೆತದ್ದು ಜಾವಗಲ್ ಕಡೆಯ ಬರಡು ಜಮೀನು. ಸೈನ್ಯ ಬಿಟ್ಟು ಬಂದ ಅವರು ಅಲ್ಲಿ ಡೇರೆ ಹಾಕಿಕೊಂಡು ಬೇಸಾಯ ಆರಂಭಿಸಿದರು. ಮುಂದೆ 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನು ಪ್ರಾರಂಭಿಸಿದ ಸಂಗತಿ ಎಲ್ಲರಿಗೂ ತಿಳಿದಿದೆ. ಆದರೆ ನನಗೆ ಹಿಡಿಸಿದ್ದು ವಿಮಾನದ ಭಾಗವಲ್ಲ, ತೆಂಗು, ಹೈನುಗಾರಿಕೆ, ರೇಷ್ಮೆ, ಹಾಸನದ ಮೋಟಾರ್ ಸೈಕಲ್ ಮಾರಾಟ, ಹೋಟೆಲ್ ಎಂದು ಒಂದರ ಮೇಲೊಂದು ಪ್ರಯತ್ನ ನಡೆಸಿದ ದಿನಗಳ ಭಾಗ. ಸೋತದ್ದನ್ನು ಸೋತೆ ಎಂದು ಹೇಳಿಕೊಳ್ಳುವ ಉದ್ಯಮಿ ಅಪರೂಪ. ನನ್ನ ತಕರಾರು ಒಂದಿದೆ. ಪುಸ್ತಕದ ಉತ್ತರಾರ್ಧದಲ್ಲಿ ಕೋಟಿಗಳು ಎಷ್ಟು ವೇಗವಾಗಿ ಓಡಾಡುತ್ತವೆಯೆಂದರೆ ನಮ್ಮಂತಹ ಸಣ್ಣ ವ್ಯಾಪಾರಿ ಅದರಿಂದ ಕಲಿಯುವ ಪಾಠ ಕಡಿಮೆ. ಜಾವಗಲ್ಲಿನ ಜಮೀನಿನ ಲೆಕ್ಕವನ್ನು ಇನ್ನೂ ಐವತ್ತು ಪುಟ ಬರೆದಿದ್ದರೆ ನಾನು ಸಂತೋಷದಿಂದ ಓದುತ್ತಿದ್ದೆ.

ಎರಡನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಕನ್ನಡದಲ್ಲಿ 2013ರಲ್ಲಿ ಪ್ರಕಟವಾಗಿ, ಅನಂತರ ಶ್ರೀನಾಥ್ ಪೇರೂರ್ ಅವರ ಅನುವಾದದ ಮೂಲಕ ಹೊರದೇಶಗಳನ್ನೂ ತಲುಪಿದ ಕೃತಿ. ಇದು ನಮ್ಮದೇ ವೃತ್ತಿಯ ಕಥೆ. ಚಿಕ್ಕಪ್ಪ ಆರಂಭಿಸಿದ ‘ಸೋನಾ ಮಸಾಲಾ’ ವ್ಯಾಪಾರ ಕೈಹಿಡಿದು ಬಡ ಕುಟುಂಬವೊಂದು ಸಿರಿವಂತವಾಗುತ್ತದೆ. ಹಣ ಬಂದಂತೆ ಮನೆಯ ಮಂದಿಯ ಗುಣವೂ ಬದಲಾಗುತ್ತದೆ. ಕಥೆ ಹೇಳುವ ಯುವಕ ಸಂಸ್ಥೆಯ ನಿರ್ದೇಶಕ ಎನ್ನಿಸಿಕೊಂಡು ಸಂಬಳ ಪಡೆಯುತ್ತಾನೆ, ಆದರೆ ಕೆಲಸ ಏನೂ ಇಲ್ಲ. ಸೊಸೆಯಾಗಿ ಬಂದ ಅನಿತಾ ಅದನ್ನು ಮುಖಕ್ಕೆ ಹೇಳುವುದೇ ಮನೆಯವರಿಗೆ ಅಪರಾಧವಾಗಿ ತೋರುತ್ತದೆ. ಮುಕ್ತಾಯ ಮಾತ್ರ ನನಗೆ ಒಮ್ಮೆಗೇ ದಕ್ಕಲಿಲ್ಲ. ಕೊನೆಯ ಪುಟಗಳನ್ನು ಮೂರು ಸಲ ಓದಬೇಕಾಯಿತು. ಸರಕು ತೂಗಿ ಹಣ ಎಣಿಸುವ ಮೊದಲೇ ಅಂಗಡಿಯ ಬಾಗಿಲು ಹಾಕಿದಂತಾಯಿತು ಎಂದು ಆಗ ಬೇಸರಪಟ್ಟೆ. ಆದರೂ ಕುಟುಂಬದ ವ್ಯಾಪಾರ ನಡೆಸುವ ಪ್ರತಿಯೊಬ್ಬರೂ ಇದನ್ನು ಓದಬೇಕೆಂಬುದು ನನ್ನ ಶಿಫಾರಸು.

ಮೂರನೆಯದು ಬಾನು ಮುಷ್ತಾಕ್ ಅವರ ಕಥೆಗಳು. ಹಾಸನದಲ್ಲಿ ವಕೀಲರಾಗಿರುವ ಇವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಅನುವಾದಿಸಿದ ದೀಪಾ ಭಾಸ್ತಿಯವರ ಹೆಸರನ್ನೂ ಜಿಲ್ಲೆಯ ಜನ ಅಭಿಮಾನದಿಂದ ಹೇಳಿದರು. ‘ಎದೆಯ ಹಣತೆ’ ಎಂಬ ಕಥೆಯಲ್ಲಿ ಗಂಡ ಬೇರೊಬ್ಬಳ ಕಡೆ ಹೊರಳಿದನೆಂದು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣತಮ್ಮಂದಿರು ಮರಳಿ ಗಂಡನ ಮನೆಗೇ ಕರೆದೊಯ್ಯುತ್ತಾರೆ. ಅವಳಿಗೆ ನಿಲ್ಲಲು ತನ್ನದೆಂಬ ನೆಲವಿಲ್ಲ. ಆ ಕಥೆ ಮುಗಿಸಿ ನಾನು ಸ್ವಲ್ಪ ಹೊತ್ತು ಗಿರಾಕಿಗಳೊಡನೆ ಮಾತನಾಡಲಾರದೆ ಹೋದೆ. ಆದರೆ ಕೆಲವು ಕಥೆಗಳಲ್ಲಿ ವಕೀಲರ ವಾದವು ಕಥೆಗಾರ್ತಿಯ ಧ್ವನಿಗಿಂತ ಜೋರಾಗಿ ಕೇಳುತ್ತದೆ ಎಂಬ ನನ್ನ ಭಾವನೆಯನ್ನು ಪ್ರಶಸ್ತಿಗೆ ಹೆದರಿ ಮುಚ್ಚಿಡಲಾರೆ.

ನಾಲ್ಕನೆಯದು 1970ರಲ್ಲಿ ಪ್ರಕಟವಾದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಅವರು 2025ರ ಸೆಪ್ಟೆಂಬರ್‌ನಲ್ಲಿ ನಿಧನರಾದ ಸುದ್ದಿ ಕೇಳಿ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡೆ. ನಂಜಮ್ಮನ ಗಂಡ ಶ್ಯಾನುಭೋಗ. ಆದರೆ ಲೆಕ್ಕ ಬರೆಯುವ ಯೋಗ್ಯತೆ ಅವನಿಗಿಲ್ಲ. ಕಂದಾಯದ ಲೆಕ್ಕವನ್ನು ಅವಳೇ ಕಲಿತು ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುತ್ತಾಳೆ. ಶ್ಯಾನುಭೋಗಿಕೆಯ ಹೆಸರು ಮಾತ್ರ ಗಂಡನದು. ಸಾವಿನ ಮೇಲೆ ಸಾವು ಬರುವ ಈ ಕಾದಂಬರಿಯನ್ನು ಒಂದೇ ಉಸಿರಿಗೆ ಓದುವುದು ಕಷ್ಟ. ಆ ಮನೆಯ ಗಂಡಸರು ಒಂದು ದಿನವಾದರೂ ಮನುಷ್ಯರಂತೆ ನಡೆದುಕೊಂಡಿರಲಾರರೇ ಎಂಬ ಪ್ರಶ್ನೆಯೂ ನನ್ನಲ್ಲಿ ಉಳಿದಿದೆ. ಆದರೆ ನಾಲ್ಕರಲ್ಲಿ ಯಾವುದನ್ನು ಮನೆಯಲ್ಲಿ ಇಟ್ಟುಕೊಳ್ಳುವೆ ಎಂದರೆ ಇದನ್ನೇ.

ಅದಕ್ಕೆ ಕಾರಣವಾದ ಪ್ರಸಂಗವನ್ನು ಹೇಳಬೇಕು. ನಾನು ಓದಿ ಮುಗಿಸಿದ ಪುಸ್ತಕವನ್ನು ನನ್ನ ಪತ್ನಿಯೂ ಓದಿದಳು. ಒಂದು ಸಂಜೆ ಆ ದಿನದ ಉದ್ದರಿ ಪುಸ್ತಕ ಬರೆಯುತ್ತ, ತಲೆ ಎತ್ತದೆಯೇ ಕೇಳಿದಳು: “ಲೆಕ್ಕ ಬರೆದವಳು ನಂಜಮ್ಮ, ಹೆಸರು ಅವನದು. ನಮ್ಮ ಮನೇಲಿ ಹೇಗೆ ರೀ?” ಅವಳು ನಗುತ್ತಲೇ ಕೇಳಿದ್ದಳು. ನನಗೆ ಉತ್ತರ ಹೊಳೆಯಲಿಲ್ಲ.

ಇಪ್ಪತ್ತಾರು ವರ್ಷಗಳಿಂದ ನಮ್ಮ ಅಂಗಡಿಯ ಲೆಕ್ಕ ಬರೆಯುತ್ತಿರುವವಳು ಅವಳು. ಕೊಬ್ಬರಿಯ ತೂಕದ ಚೀಟಿ, ರೈತರಿಗೆ ಕೊಟ್ಟ ಮುಂಗಡ, ಉದ್ದರಿ ವಸೂಲಿ ಎಲ್ಲವೂ ಅವಳ ಕೈಬರಹ. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ನಾನು ಗಾಬರಿಯಾದೆ. ಕಂಪ್ಯೂಟರಿನಲ್ಲಿ ಬಿಲ್ ಮಾಡುವುದನ್ನು ಕಲಿತವಳು ಅವಳು. ನನಗೆ ಶಸ್ತ್ರಚಿಕಿತ್ಸೆಯಾದಾಗ ಎರಡು ತಿಂಗಳು ಅಂಗಡಿಯ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ. ಇಷ್ಟಾಗಿಯೂ ಅಂಗಡಿಯ ಫಲಕದಲ್ಲಿರುವುದು ನನ್ನ ತಂದೆಯವರ ಹೆಸರು, ಅದರ ಮುಂದೆ ‘ಅಂಡ್ ಸನ್ಸ್’. ನನಗಿರುವುದು ಒಬ್ಬಳೇ ಮಗಳು. ಸಾಲದ ಅರ್ಜಿಯಲ್ಲಿ ಪತ್ನಿಯ ಉದ್ಯೋಗ ಎಂಬ ಅಂಕಣದಲ್ಲಿ ‘ಗೃಹಿಣಿ’ ಎಂದು ಬರೆದವನು ನಾನೇ. ಆ ಅರ್ಜಿಯ ಉಳಿದ ಅಂಕಣಗಳನ್ನೆಲ್ಲ ಲೆಕ್ಕ ನೋಡಿ ತುಂಬಿಸಿಕೊಟ್ಟವಳು ಅವಳು.

ಆ ರಾತ್ರಿ ‘ಘಾಚರ್ ಘೋಚರ್’ ಕಥೆಯ ನಿರ್ದೇಶಕ ನೆನಪಾದ. ಅಲ್ಲಿ ಹೆಸರಿದೆ, ಕೆಲಸವಿಲ್ಲ. ನನ್ನ ಅಂಗಡಿಯಲ್ಲಿ ಕೆಲಸವಿದೆ, ಹೆಸರಿಲ್ಲ. ಮೆಹರುನ್‌ಳ ನೆನಪೂ ಬಂದಿತು. ನಾಳೆ ನಾನು ಇಲ್ಲವಾದರೆ, ತಾನು ಕಟ್ಟಿದ ವ್ಯಾಪಾರ ತನ್ನದೆಂದು ತೋರಿಸಲು ಇವಳ ಕೈಯಲ್ಲಿ ಒಂದು ಕಾಗದವೂ ಇಲ್ಲ.

ನಮ್ಮೂರಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ. ವಿಷ್ಣುವರ್ಧನನ ದಂಡನಾಯಕನಾಗಿದ್ದ ತನ್ನ ತಂದೆ ಗಂಗರಾಜನ ನೆನಪಿಗಾಗಿ. ಅಲ್ಲಿಯ ಕನ್ನಡಿಯಂತೆ ನುಣುಪಾದ ಕಂಬಗಳಲ್ಲಿ ಮುಖ ನೋಡಿಕೊಳ್ಳುವ ಪ್ರವಾಸಿಗರಿಗೆ ನಾನು ಈ ಹೆಸರುಗಳನ್ನು ಅನೇಕ ಸಲ ಹೇಳಿದ್ದೇನೆ. ಅದೇ ಗಂಗರಾಜನ ಪತ್ನಿ ಲಕ್ಷ್ಮಿ ಶ್ರವಣಬೆಳಗೊಳದಲ್ಲಿ 1118ರಲ್ಲಿ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದಳು; ಆಕೆಯ ಹೆಸರೂ ಶಾಸನದಲ್ಲಿದೆ. ಒಂಬತ್ತು ನೂರು ವರ್ಷಗಳ ಹಿಂದೆ ಕಲ್ಲಿನ ಮೇಲೆ ಹೆಂಡತಿಯ ಹೆಸರಿಗೆ ಇದ್ದ ಜಾಗ ನನ್ನ ಅಂಗಡಿಯ ತಗಡಿನ ಫಲಕದ ಮೇಲೆ ಇಲ್ಲದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆದ್ದರಿಂದ ಲೆಕ್ಕಪರಿಶೋಧಕರನ್ನು ಕಂಡು, 1932ರ ಪಾಲುದಾರಿಕೆ ಅಧಿನಿಯಮದ ಪ್ರಕಾರ ಪತ್ನಿಯೊಡನೆ ಸಮಪಾಲಿನ ಒಪ್ಪಂದ ಮಾಡಿಕೊಂಡಿದ್ದೇನೆ. ಒಬ್ಬನ ಮಾಲೀಕತ್ವದಿಂದ ಪಾಲುದಾರಿಕೆಗೆ ಬದಲಾದಾಗ ಪ್ಯಾನ್ ಸಂಖ್ಯೆ ಬೇರೆಯಾಗುತ್ತದೆ, ಜಿಎಸ್‌ಟಿ ನೋಂದಣಿಯನ್ನೂ ಹೊಸದಾಗಿ ಪಡೆಯಬೇಕಾಗುತ್ತದೆ. ತೊಂದರೆ ಇದೆ, ಓಡಾಟವಿದೆ. ಆದರೆ ಒಂದು ಮಾತನ್ನು ಸ್ಪಷ್ಟಪಡಿಸಬಯಸುತ್ತೇನೆ. ತೆರಿಗೆ ಹಂಚಿಕೊಳ್ಳುವ ಸಲುವಾಗಿ ಹೆಂಡತಿಯ ಹೆಸರನ್ನು ಕಾಗದದ ಮೇಲೆ ಸೇರಿಸಿಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಹೇಳುತ್ತಿರುವುದು ಅದನ್ನಲ್ಲ. ದುಡಿದವಳ ಹೆಸರನ್ನು ದುಡಿಮೆಯ ಲೆಕ್ಕಕ್ಕೆ ಸೇರಿಸಬೇಕು; ಚೆಕ್ಕಿಗೆ ಸಹಿ ಹಾಕುವ ಅಧಿಕಾರ, ಲಾಭದಲ್ಲಿ ಪಾಲು, ಬೇಡವೆನ್ನುವ ಹಕ್ಕು ಅವಳಿಗಿರಬೇಕು.

ಪುಸ್ತಕ ಓದುವುದರಿಂದ ವ್ಯಾಪಾರ ವೃದ್ಧಿಯಾಗುವುದೇ ಎಂದು ಕೇಳುವವರಿಗೆ ನನ್ನಲ್ಲಿ ಅಂಕಿಅಂಶಗಳಿಲ್ಲ. ಇಪ್ಪತ್ತಾರು ವರ್ಷಗಳಿಂದ ನನ್ನ ಖಾತೆ ಪುಸ್ತಕದಲ್ಲಿದ್ದ ಒಂದು ತಪ್ಪನ್ನು ಯಾವ ಲೆಕ್ಕಪರಿಶೋಧನೆಯೂ ತೋರಿಸಿಕೊಟ್ಟಿರಲಿಲ್ಲ, ಒಂದು ಕಾದಂಬರಿ ತೋರಿಸಿಕೊಟ್ಟಿತು ಎಂದಷ್ಟೇ ಹೇಳಬಲ್ಲೆ. ಸದಸ್ಯ ಬಾಂಧವರು ಈ ನಾಲ್ಕರಲ್ಲಿ ಯಾವುದಾದರೊಂದನ್ನು ಓದಿ, ನನ್ನ ಅಭಿಪ್ರಾಯ ತಪ್ಪೆನಿಸಿದರೆ ಇದೇ ಪತ್ರಿಕೆಯಲ್ಲಿ ಬರೆಯಲಿ. ಅದಕ್ಕೂ ಮೊದಲು, ತಮ್ಮ ಅಂಗಡಿಯ ಲೆಕ್ಕ ಯಾರ ಕೈಬರಹದಲ್ಲಿದೆ ಎಂದು ಒಮ್ಮೆ ತೆರೆದು ನೋಡಲಿ ಎಂಬುದು ನನ್ನ ವಿನಂತಿ. ಹೊಸ ಫಲಕ ಬರೆಯಲು ಅರಸೀಕೆರೆಗೆ ಕೊಟ್ಟಿದ್ದೇನೆ. ‘ಅಂಡ್ ಸನ್ಸ್’ ಎಂಬುದನ್ನು ತೆಗೆಸಿದ್ದೇನೆ.